ಚಿಲ್ಲರೆ ಮಾರಾಟ ಮಳಿಗೆಗಳಲ್ಲಿ ಜಾರಿ ಮತ್ತು ಎಡವಿ ಬೀಳುವ ಅಪಘಾತಗಳು

ಚಿಲ್ಲರೆ ಮಾರಾಟ ಮಳಿಗೆಗಳ ನೌಕರರು ಕೆಲಸದ ವೇಳೆ ಜಾರಿ ಅಥವಾ ಎಡವಿ ಬಿದ್ದು ಗಾಯಗೊಳ್ಳುವುದು ಔದ್ಯೋಗಿಕ ಅಪಘಾತಗಳ ಒಂದು ಮುಖ್ಯ ಬಗೆಯಾಗಿದೆ. ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್ ಸಂಸ್ಥೆಯ ಅಂಕಿ-ಅಂಶಗಳ ಪ್ರಕಾರ, ಎಲ್ಲ ಉದ್ಯಮಗಳನ್ನು ಒಟ್ಟಾಗಿ ಪರಿಗಣಿಸಿದಾಗ, ನೌಕರರ ಮಾರಣಾಂತಿಕವಲ್ಲದ ಗಾಯಗಳಿಗೆ ಇದೇ ಅತಿ ಸಾಮಾನ್ಯ ಕಾರಣ. ಇದನ್ನು ಬಿದ್ದವರ ಅಜಾಗರೂಕತೆಯೆಂದು ಭಾವಿಸುವುದುಂಟು. ಆದರೆ ನೆಲಹಾಸಿನ ಆಯ್ಕೆ, ಶುಚಿಗೊಳಿಸುವ ವೇಳೆ ಹಾಗೂ ದಾಸ್ತಾನಿನ ಜೋಡಣೆಯನ್ನು ನಿರ್ಧರಿಸುವುದು ಮಳಿಗೆಯ ಆಡಳಿತ.

ಸ್ವರೂಪ

ಪಾದರಕ್ಷೆಯ ಅಟ್ಟೆ ಮತ್ತು ನೆಲದ ನಡುವಿನ ಘರ್ಷಣೆ ಸಾಲದಾದಾಗ ಹಿಮ್ಮಡಿ ಮುಂದಕ್ಕೆ ಜಾರಿ, ದೇಹವು ಸಾಮಾನ್ಯವಾಗಿ ಹಿಂದಕ್ಕೆ ಬೀಳುತ್ತದೆ. ನಡೆಯುವಾಗ ಪಾದಕ್ಕೆ ಅಡ್ಡಿ ತಗುಲಿದರೆ ದೇಹವು ಮುಂದಕ್ಕೆ ಮುಗ್ಗರಿಸುತ್ತದೆ. ಉಳುಕು, ಮಣಿಕಟ್ಟಿನ ಮೂಳೆ ಮುರಿತ, ಮಂಡಿ, ಸೊಂಟ ಹಾಗೂ ತಲೆಯ ಪೆಟ್ಟು ಇವುಗಳ ಪರಿಣಾಮಗಳು.

ಕಾರಣಗಳು

ನುಣುಪಾದ ನೆಲವು ಒಣಗಿದ್ದಾಗ ಸುರಕ್ಷಿತವಾಗಿದ್ದರೂ, ಒದ್ದೆಯಾದಾಗ ನೀರಿನ ತೆಳುವಾದ ಪದರವು ಅಟ್ಟೆಯನ್ನು ನೆಲದಿಂದ ಬೇರ್ಪಡಿಸುತ್ತದೆ. ಚೆಲ್ಲಿದ ಎಣ್ಣೆ, ಫ್ರೀಜರಿನಿಂದ ಸೋರುವ ನೀರು, ತರಕಾರಿ ಸಿಪ್ಪೆ, ಮಳೆಗಾಲದಲ್ಲಿ ಬಾಗಿಲ ಬಳಿ ಸೇರುವ ನೀರು ಹಾಗೂ ಆಗತಾನೇ ಒರೆಸಿದ ನೆಲ ಜಾರಲು ಕಾರಣವಾಗುತ್ತವೆ. ಓಣಿಯಲ್ಲಿಟ್ಟ ರಟ್ಟಿನ ಪೆಟ್ಟಿಗೆ, ಟ್ರಾಲಿ, ವಿದ್ಯುತ್ ತಂತಿ ಹಾಗೂ ಮಡಚಿದ ಕಾಲೊರಸು ಎಡವಲು ಕಾರಣವಾಗುತ್ತವೆ. ಕೈತುಂಬ ಸರಕು ಹೊತ್ತವರಿಗೆ ಕಾಲಡಿಯ ನೆಲ ಕಾಣುವುದಿಲ್ಲ.

ಮಾಪನ

ನೆಲದ ಜಾರುವಿಕೆಯನ್ನು ಲೋಲಕ ಪರೀಕ್ಷೆಯಿಂದ ಅಳೆಯಲಾಗುತ್ತದೆ. ರಬ್ಬರ್ ತುಂಡನ್ನು ಹೊತ್ತ ತೋಳು ತೂಗಿಬಂದು ನೆಲವನ್ನು ಸವರುತ್ತದೆ. ಬ್ರಿಟನ್ನಿನ ಮಾನದಂಡದಂತೆ ಮೌಲ್ಯವು 36 ಅಥವಾ ಹೆಚ್ಚಿದ್ದರೆ ಜಾರುವ ಸಂಭವ ಕಡಿಮೆ, 25ರಿಂದ 35 ಇದ್ದರೆ ಮಧ್ಯಮ, 24 ಅಥವಾ ಕಡಿಮೆ ಇದ್ದರೆ ಅಧಿಕ.

ತಡೆಗಟ್ಟುವಿಕೆ

ಚೆಲ್ಲಿದ್ದನ್ನು ತಕ್ಷಣ ಒರೆಸಿ ಒಣಗಿಸುವುದು, ಜನಸಂಚಾರವಿಲ್ಲದ ವೇಳೆಯಲ್ಲಿ ಶುಚಿಗೊಳಿಸುವುದು, ಓಣಿಗಳನ್ನು ತೆರವಾಗಿಡುವುದು, ಸಾಕಷ್ಟು ಬೆಳಕು ಹಾಗೂ ಜಾರದ ಪಾದರಕ್ಷೆ ಒದಗಿಸುವುದು ಮುಖ್ಯ ಕ್ರಮಗಳು. ಎಚ್ಚರಿಕೆಯ ಫಲಕವು ಅಪಾಯವನ್ನು ತಿಳಿಸುತ್ತದೆಯೇ ಹೊರತು ನಿವಾರಿಸುವುದಿಲ್ಲ.

ಕಾನೂನು

ಬ್ರಿಟನ್ನಿನ 1992ರ ಕೆಲಸದ ಸ್ಥಳಗಳ ನಿಯಮಾವಳಿಯ 12ನೆಯ ನಿಯಮದಂತೆ, ನೆಲವು ಅಪಾಯಕರವಾಗಿ ಜಾರುವಂತೆ ಅಥವಾ ಏರುಪೇರಾಗಿ ಇರಕೂಡದು. ಭಾರತದಲ್ಲಿ 1948ರ ಕಾಯಿದೆಯಿಂದ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆಯು (ಇಎಸ್‌ಐ) ಅದರ ವ್ಯಾಪ್ತಿಗೆ ಒಳಪಟ್ಟ ಅಂಗಡಿಗಳ ವಿಮಾದಾರ ನೌಕರರಿಗೂ ಅನ್ವಯಿಸುತ್ತದೆ. ಕೆಲಸದ ವೇಳೆಯ ಗಾಯದಿಂದ ತಾತ್ಕಾಲಿಕವಾಗಿ ಅಶಕ್ತರಾದವರಿಗೆ ವೇತನದ ಶೇ. 90ರಷ್ಟು ಪರಿಹಾರ ದೊರೆಯುತ್ತದೆ. ಗಾಯವು ಕೆಲಸದಲ್ಲೇ ಆದುದೆಂದು ತೋರಿಸಲು ದಾಖಲೆ ಬೇಕಾಗುವುದರಿಂದ, ಚಿಕ್ಕದೆಂದು ತೋರುವ ಬೀಳುವಿಕೆಯನ್ನೂ ಅಪಘಾತ ಪುಸ್ತಕದಲ್ಲಿ ನಮೂದಿಸುವುದು ಮಹತ್ವದ್ದಾಗಿದೆ.