ಋತುಚರ್ಯೆ, ಅಗ್ನಿ, ಸಾತ್ಮ್ಯ: ವೈದ್ಯಕ ಓಲೆಗಳನ್ನು ಕಂದಿಕೆರೆಯ ಸೀಮೆಯಲ್ಲಿ ಓದುವ ಕ್ರಮ

ಕನ್ನಡ ನಾಡಿನ ಜೈನ ವಿದ್ವಾಂಸರು ಕಾವ್ಯ ಪುರಾಣಗಳಂತೆಯೇ ವೈದ್ಯಕವನ್ನೂ ಆದರದಿಂದ ಬೆಳೆಸಿದರೆಂಬುದು ಸುವಿದಿತವಾದ ಸಂಗತಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನಾದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದನು. ಪೂಜ್ಯಪಾದರ ಹೆಸರಿನಲ್ಲಿ ಪ್ರಸಿದ್ಧವಾದ ಅದೇ ನಾಮದ ಗ್ರಂಥವನ್ನು ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇವು ಅಡುಗೆಯ ವಿಷಯವನ್ನೂ ಶಾಸ್ತ್ರದ ಅಂಗವೆಂದೇ ಎಣಿಸಿದವು. ಉಗ್ರಾದಿತ್ಯನ ಗ್ರಂಥವು 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಸೊಲ್ಲಾಪುರದಿಂದ ಮುದ್ರಿತವಾಯಿತು. ಮದ್ಯ, ಮಾಂಸ, ಮಧುಗಳ ಸಂಪರ್ಕವಿಲ್ಲದೆ ಚಿಕಿತ್ಸೆಯನ್ನು ನಿರೂಪಿಸಿರುವುದು ಅದರ ವೈಶಿಷ್ಟ್ಯ. ಅದರ ಕೊನೆಯಲ್ಲಿರುವ ಹಿತಾಹಿತಾಧ್ಯಾಯವು ಮಾಂಸಾಹಾರದ ನಿರಾಕರಣಕ್ಕೆ ಮೀಸಲಾಗಿದೆ.

ಇಂಥ ಗ್ರಂಥಗಳಲ್ಲಿಯೂ, ಇವುಗಳ ಛಾಯೆಯಲ್ಲಿ ಮನೆಮನೆಗಳಲ್ಲಿ ಬರೆದಿರಿಸಿಕೊಂಡ ಬಿಡಿ ಓಲೆಗಳಲ್ಲಿಯೂ ಇಂದಿನ ವಾಚಕರು ಮೊದಲು ಅರಸುವುದು ಒಂದು ಪಟ್ಟಿಯನ್ನು: ಯಾವ ಮಾಸದಲ್ಲಿ ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬುದನ್ನು. ಆ ಪಟ್ಟಿಯನ್ನು ಹಾಗೆಯೇ ಆಚರಣೆಗೆ ತರುವುದರಲ್ಲಿ ಅಪಾಯವುಂಟು. ಅದೇಕೆಂಬುದನ್ನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ಸೀಮೆಯನ್ನು ದೃಷ್ಟಾಂತವಾಗಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ತೊಡಕು ಲಿಪಿಯದು. ತಾಳೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಅವಗ್ರಹ ಚಿಹ್ನೆಯನ್ನು ಲಿಪಿಕಾರರು ಬಹುಮಟ್ಟಿಗೆ ಬರೆಯುವುದಿಲ್ಲ. ಉದಾಹರಣೆಗೆ ‘ಭೋಜನೇಹಿತಂ’ ಎಂಬ ಅಕ್ಷರಪಂಕ್ತಿ ದೊರೆತಿತೆಂದು ಭಾವಿಸೋಣ. ಅದನ್ನು ‘ಭೋಜನೇ ಹಿತಂ’ ಎಂದು ಬಿಡಿಸಿದರೆ ಊಟಕ್ಕೆ ಒಳ್ಳೆಯದು ಎಂದಾಗುತ್ತದೆ. ‘ಭೋಜನೇಽಹಿತಂ’ ಎಂದು ಬಿಡಿಸಿದರೆ ಕೆಟ್ಟದ್ದು ಎಂದಾಗುತ್ತದೆ. ಎರಡರಲ್ಲಿಯೂ ಮಾತ್ರೆಗಳು ಒಂದೇ ಆದ್ದರಿಂದ ಛಂದಸ್ಸು ನೆರವಿಗೆ ಬಾರದು. ದ್ರವ್ಯದ ಗುಣವನ್ನೂ ಪ್ರಕರಣವನ್ನೂ ಬೇರೆ ಪ್ರತಿಗಳನ್ನೂ ನೋಡಿಯೇ ನಿರ್ಣಯಿಸಬೇಕು. ಕಾವ್ಯದಲ್ಲಿ ಇಂಥ ಸಂದೇಹವು ರಸಭಂಗಕ್ಕೆ ಕಾರಣವಾದೀತು; ವೈದ್ಯಕದಲ್ಲಿ ಅದು ರೋಗಿಯ ಹೊಟ್ಟೆಗೆ ಸಂಬಂಧಿಸಿದ ಮಾತು. ಆದಕಾರಣ ಒಂದೇ ಓಲೆಯ ಒಂದೇ ಸಾಲನ್ನು ನೆಚ್ಚಿ ಪಥ್ಯವನ್ನು ಹೇಳುವುದು ಸಲ್ಲದು.

ಎರಡನೆಯ ತೊಡಕು ಋತುವಿನದು. ಶಾಸ್ತ್ರದ ಸಾಮಾನ್ಯ ಸಿದ್ಧಾಂತವಿದು: ಶಿಶಿರ, ವಸಂತ, ಗ್ರೀಷ್ಮಗಳು ಆದಾನಕಾಲ, ಆಗ ದೇಹಬಲವು ಕ್ರಮವಾಗಿ ಕುಂದುತ್ತದೆ. ವರ್ಷಾ, ಶರತ್, ಹೇಮಂತಗಳು ವಿಸರ್ಗಕಾಲ. ಆಗ ಬಲವು ಕ್ರಮವಾಗಿ ಹೆಚ್ಚುತ್ತದೆ. ಗ್ರೀಷ್ಮದಲ್ಲಿ ಸಂಚಯಗೊಂಡ ವಾತವು ಮಳೆಗಾಲದಲ್ಲಿ ಕೆರಳುತ್ತದೆ, ಜಠರಾಗ್ನಿಯು ಮಂದವಾಗುತ್ತದೆ. ಮಳೆಗಾಲದಲ್ಲಿ ಕೂಡಿದ ಪಿತ್ತವು ಶರತ್ತಿನಲ್ಲಿ ಪ್ರಕೋಪಗೊಳ್ಳುತ್ತದೆ. ಹೇಮಂತದಲ್ಲಿ ಅಗ್ನಿಯು ಪ್ರಬಲವಾಗಿರುವುದರಿಂದ ಗುರುವಾದ, ಸ್ನಿಗ್ಧವಾದ ಆಹಾರವೂ ಜೀರ್ಣವಾಗುತ್ತದೆ.

ಪಂಚಾಂಗದಂತೆ ಶ್ರಾವಣ ಭಾದ್ರಪದಗಳು ವರ್ಷಾಋತು. ಆದರೆ ಕಂದಿಕೆರೆಯು ಪಶ್ಚಿಮಘಟ್ಟದ ಮಳೆನೆರಳಿನ ಪ್ರದೇಶ. ಇಲ್ಲಿ ಆಷಾಢ ಶ್ರಾವಣಗಳಲ್ಲಿ ಗಾಳಿ ಹೆಚ್ಚು, ತುಂತುರು ಹೆಚ್ಚು, ಹದವಾದ ಮಳೆ ಕಡಿಮೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ರೈತರು ಎಣಿಸುವ ಉತ್ತರೆ, ಹಸ್ತೆ, ಚಿತ್ತೆ ಮಳೆಗಳಲ್ಲಿ, ಕೆರೆಗೆ ನೀರು ಬರುತ್ತದೆ. ಪಂಚಾಂಗದಲ್ಲಿ ಶರತ್ತು ಕಾಲಿಟ್ಟಾಗ ಇಲ್ಲಿಯ ನೆಲದಲ್ಲಿ ವರ್ಷಾಋತುವಿನ ಲಕ್ಷಣವೇ ಎದ್ದುಕಾಣುತ್ತದೆ. ಪ್ರಾಚೀನರು ಇದನ್ನು ಅರಿಯದವರಲ್ಲ. ಸುಶ್ರುತಸಂಹಿತೆಯಲ್ಲಿಯೇ ಋತುವಿಭಾಗವು ಎರಡು ಬಗೆಯಾಗಿದೆ: ಒಂದರಲ್ಲಿ ಶಿಶಿರವುಂಟು, ಇನ್ನೊಂದರಲ್ಲಿ ಅದರ ಬದಲು ಪ್ರಾವೃಟ್ ಎಂಬ ಮುಂಗಾರಿನ ಋತುವುಂಟು. ಗಂಗೆಯ ದಕ್ಷಿಣದಲ್ಲಿ ಮಳೆಯೂ ಉತ್ತರದಲ್ಲಿ ಚಳಿಯೂ ಅಧಿಕವಾದ್ದರಿಂದ ಈ ಭೇದವೆಂದು ವ್ಯಾಖ್ಯಾನಕಾರರು ಸಮಾಧಾನ ಹೇಳಿದ್ದಾರೆ. ಆದ್ದರಿಂದ ಓಲೆಯಲ್ಲಿ ‘ವರ್ಷಾಋತು’ ಎಂದಿದ್ದರೆ ಮಾಸದ ಹೆಸರನ್ನಲ್ಲ, ಲಕ್ಷಣವನ್ನು ನೋಡಬೇಕು: ಆಕಾಶ ಮುಚ್ಚಿದೆಯೆ, ನೀರು ಕದಡಿದೆಯೆ, ಹಸಿವು ತಗ್ಗಿದೆಯೆ?

ಶ್ರಾವಕಾಚಾರದ ಕೆಲವು ರೂಢಿಗಳಲ್ಲಿಯೂ ಈ ವಿವೇಕವೇ ಕಾಣುತ್ತದೆ. ಹಿಟ್ಟನ್ನು ಬೀಸಿದ ಮೇಲೆ ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮಾತ್ರ ಬಳಸಬೇಕೆಂಬ ಮರ್ಯಾದೆಯಿದೆ. ಇದರ ಮೂಲೋದ್ದೇಶ ಜೀವದಯೆ. ತೇವದಲ್ಲಿ ಹಿಟ್ಟು ಬೇಗನೆ ಹುಳುತು ಬೂಷ್ಟು ಹಿಡಿಯುವುದರಿಂದ ಆರೋಗ್ಯಕ್ಕೂ ಇದು ಅನುಕೂಲವೇ ಆಯಿತು. ನೀರನ್ನು ಸೋಸಿ ಕಾಯಿಸುವುದೂ ಹಾಗೆಯೇ. ಬಟ್ಟೆಯಲ್ಲಿ ಸೋಸುವುದರಿಂದ ಕಸ ಹುಳುಗಳು ಹೋದಾವು. ಕಣ್ಣಿಗೆ ಕಾಣದ ರೋಗಾಣುಗಳು ಹೋಗಬೇಕಾದರೆ ನೀರು ಕುದಿಯಲೇಬೇಕು.

ಮೂರನೆಯದು ಅಗ್ನಿಯ ವಿಚಾರ. ಅಗ್ನಿಯು ಸಮ, ವಿಷಮ, ತೀಕ್ಷ್ಣ, ಮಂದವೆಂದು ನಾಲ್ಕು ವಿಧ. ಒಂದೇ ಪದಾರ್ಥ ಒಬ್ಬನಿಗೆ ಅಮೃತವೂ ಇನ್ನೊಬ್ಬನಿಗೆ ಭಾರವೂ ಆಗುವುದು ಇದರಿಂದಲೇ. ಈ ಸೀಮೆಯ ತೆಂಗನ್ನೇ ನೋಡಬಹುದು. ಎಳನೀರು ಶೀತ, ಲಘು. ಬಲಿತ ಕಾಯಿ ಗುರು, ಸ್ನಿಗ್ಧ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಇಂಗಿದ ಮೇಲೆ ಸುಲಿದು ತೆಗೆಯುವ ತಿಪಟೂರು ಕಡೆಯ ಉಂಡೆಕೊಬ್ಬರಿ ಇನ್ನೂ ಗುರು. ಇಂದಿನ ವಿಜ್ಞಾನದ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಬಲಿತ ಹಸಿಕಾಯಿಯ ತಿರುಳಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಬ್ಬಿದ್ದರೆ ಒಣಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಕೊಬ್ಬು ಅಧಿಕವಾದಂತೆ ಜಠರವು ಬರಿದಾಗುವುದು ತಡವಾಗುತ್ತದೆ. ಪುಷ್ಯಮಾಸದಲ್ಲಿ ದುಡಿದು ಹಸಿದವನಿಗೆ ಒದಗುವ ಕೊಬ್ಬರಿ ಬೆಲ್ಲ, ಮಳೆ ಹಿಡಿದ ದಿನ ಮನೆಯೊಳಗೆ ಕುಳಿತವನಿಗೆ ಒದಗದು. ಎಳನೀರು ಲಘುವೆಂದಮಾತ್ರಕ್ಕೆ ಎಲ್ಲರಿಗೂ ಪಥ್ಯವಲ್ಲ. ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಅವರೆ ಹುರುಳಿಗಳ ವಿಷಯವೂ ಇಂಥದೇ. ಇವು ವಾಯುಕಾರಕವೆಂದು ಜನ ಹೇಳುವುದು ಸುಳ್ಳಲ್ಲ. ದ್ವಿದಳ ಧಾನ್ಯಗಳಲ್ಲಿರುವ ಕೆಲವು ಶರ್ಕರಗಳನ್ನು ಒಡೆಯುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ಅವು ದೊಡ್ಡಕರುಳಿಗೆ ಇಳಿದು ಅಲ್ಲಿಯ ಸೂಕ್ಷ್ಮಜೀವಿಗಳಿಂದ ಹುಳಿತು ವಾಯುವಾಗುತ್ತವೆ. ನೆನೆಹಾಕಿ ಆ ನೀರನ್ನು ಚೆಲ್ಲುವುದು, ಮೊಳಕೆ ಬರಿಸುವುದು ಇವುಗಳಿಂದ ಆ ಶರ್ಕರಗಳು ಕಡಿಮೆಯಾಗುತ್ತವೆ; ಅವರೆಯನ್ನು ಹಿತಕಿ ಸಿಪ್ಪೆ ತೆಗೆದರೆ ನಾರಿನಂಶ ತಗ್ಗುತ್ತದೆ. ಬೇಯಿಸಿದ ನೀರಿಗೂ ಅವು ಇಳಿಯುವುದರಿಂದ ಹೊಟ್ಟೆಯುಬ್ಬರದವರು ಕಾಳನ್ನು ಬಿಟ್ಟು ಕಟ್ಟನ್ನು ಮಾತ್ರ ಉಂಡರೆ ದೋಷ ಕಳೆಯಿತೆಂದು ತಿಳಿಯಬಾರದು.

ನಾಲ್ಕನೆಯದು ಸಾತ್ಮ್ಯ. ದೀರ್ಘಕಾಲದ ಅಭ್ಯಾಸದಿಂದ ದೇಹಕ್ಕೆ ಒಗ್ಗಿದ್ದು ಸಾತ್ಮ್ಯ, ಒಗ್ಗದಿರುವುದು ಅಸಾತ್ಮ್ಯ. ಇಂದು ಆಹಾರ ಒಗ್ಗದಿರುವಿಕೆಯೆಂದು ವೈದ್ಯರು ಹೇಳುವ ಹಲವು ತೊಂದರೆಗಳಿಗೆ ಈ ಪದವು ಸಮೀಪವಾಗಿದೆ, ಸಂಪೂರ್ಣ ಪರ್ಯಾಯವಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವು ಬಾಲ್ಯ ಕಳೆದ ಮೇಲೆ ದಕ್ಷಿಣಭಾರತದ ಅನೇಕರಲ್ಲಿ ಕ್ಷೀಣಿಸುತ್ತದೆ. ಅಂಥವರಿಗೆ ಲೋಟ ತುಂಬ ಹಾಲು ಕುಡಿದರೆ ಉಬ್ಬರ, ಭೇದಿ. ಮೊಸರಿನಲ್ಲಿ ಆ ಸಕ್ಕರೆಯ ಒಂದು ಭಾಗ ಹುಳಿಯಾಗಿ ಮಾರ್ಪಟ್ಟಿರುತ್ತದೆ; ಕಡೆದು ನೀರು ಬೆರೆಸಿದ ಮಜ್ಜಿಗೆಯಲ್ಲಿ ಅದು ಇನ್ನೂ ತೆಳುವಾಗುತ್ತದೆ. ರಾತ್ರಿಯಲ್ಲಿಯೂ ವಸಂತ, ಗ್ರೀಷ್ಮ, ಶರತ್ತುಗಳಲ್ಲಿಯೂ ಮೊಸರನ್ನು ನಿಷೇಧಿಸಿದ ವಾಗ್ಭಟನು ಮಜ್ಜಿಗೆಯನ್ನು ಲಘುವೆಂದೂ ಅಗ್ನಿದೀಪಕವೆಂದೂ ಮೆಚ್ಚಿದುದು ಇಲ್ಲಿ ಸ್ಮರಣೀಯ. ಹಾಲನ್ನು ಬಿಡಬೇಕಾದವರಿಗೆ ಈ ಸೀಮೆಯ ರಾಗಿಯು ದೊಡ್ಡ ಆಸರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಗೋಧಿಯ ಅಂಟು ಒಗ್ಗದವರಿಗೂ ರಾಗಿ ನಿರಪಾಯ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿದರೆ ಅದರ ಹಿಟ್ಟು ಇದರಲ್ಲಿ ಬೆರೆಯುವುದೆಂಬ ಎಚ್ಚರ ಬೇಕು.

ಯಾವುದು ಅಸಾತ್ಮ್ಯವೆಂದು ತಿಳಿಯುವ ಬಗೆಯೇನು? ಬಾಹ್ಯತಪಸ್ಸುಗಳಲ್ಲಿ ಒಂದಾದ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ನಿಯತಕಾಲ ಬಿಡುವ ಕ್ರಮವಿದೆ. ಅದರ ಗುರಿ ಇಂದ್ರಿಯಜಯವೇ ಹೊರತು ಚಿಕಿತ್ಸೆಯಲ್ಲ; ಎರಡನ್ನೂ ಬೆರೆಸಕೂಡದು. ಆದರೂ ಒಂದು ವಸ್ತುವನ್ನು ಕೆಲವು ವಾರ ಬಿಟ್ಟು, ಗುಣ ಕಂಡರೆ ಮತ್ತೆ ಸ್ವಲ್ಪಸ್ವಲ್ಪವಾಗಿ ಸೇವಿಸಿ ನೋಡುವ ಇಂದಿನ ಪರೀಕ್ಷಾಕ್ರಮವನ್ನು ಗ್ರಹಿಸಲು ಆ ಅಭ್ಯಾಸವುಳ್ಳವರಿಗೆ ಕಷ್ಟವಾಗದು. ಒಮ್ಮೆಗೆ ಒಂದನ್ನೇ ಬಿಡಬೇಕು. ಹತ್ತನ್ನು ಬಿಟ್ಟರೆ ಕಾರಣ ತಿಳಿಯದು, ದೇಹವೂ ಬಡವಾಗುತ್ತದೆ. ಋತುಸಂಧಿಯ ಹದಿನಾಲ್ಕು ದಿನಗಳಲ್ಲಿ ಹಿಂದಿನ ಚರ್ಯೆಯನ್ನು ಮೆಲ್ಲಗೆ ಬಿಟ್ಟು ಮುಂದಿನದನ್ನು ಮೆಲ್ಲಗೆ ಹಿಡಿಯಬೇಕೆಂದು ಶಾಸ್ತ್ರವು ವಿಧಿಸಿದುದರ ಮರ್ಮವೂ ಇದೇ.

ಈ ಪರೀಕ್ಷೆಗೆ ಮೇರೆಯುಂಟು. ಕಡಲೆಕಾಯಿಯಂಥ ವಸ್ತುವನ್ನು ತಿಂದೊಡನೆ ತುಟಿ ಬಾತು ಉಸಿರು ಕಟ್ಟುವವರು ಅದನ್ನು ಮನೆಯಲ್ಲಿ ಮತ್ತೆ ಸೇವಿಸಿ ನೋಡಲೇಬಾರದು. ಗೋಧಿಯ ಸಂದೇಹವುಳ್ಳವರು ಅದನ್ನು ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗವು ಮರೆಯಾಗಿ ತೋರಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವಿಕೆ, ಬಿಡದ ಜ್ವರ ಇವು ಪಥ್ಯದಿಂದ ತೀರುವಂಥವಲ್ಲ. ಮಧುಮೇಹದ ಔಷಧ ಸೇವಿಸುವವರೂ ಗರ್ಭಿಣಿಯರೂ ಉಪವಾಸಕ್ಕೆ ಮೊದಲು ವೈದ್ಯರ ಅನುಮತಿ ಪಡೆಯತಕ್ಕದ್ದು.

ಹೀಗೆ ಪಾಠ, ಕಾಲ, ಅಗ್ನಿ, ಸಾತ್ಮ್ಯ ಎಂಬ ನಾಲ್ಕನ್ನೂ ಪರಿಶೀಲಿಸಿದ ಮೇಲೆ ಓಲೆಯ ವಿಧಿಯು ಉಪಯೋಗಕ್ಕೆ ಬರುತ್ತದೆ. ತೆಂಗಿನ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿಯ ಜೊತೆಗೆ ಓಲೆಯ ಕಟ್ಟೇನಾದರೂ ಇದ್ದರೆ ಅದನ್ನು ಹೊಗೆ, ಗೆದ್ದಲುಗಳಿಂದ ಕಾಪಾಡಿ, ಬಲ್ಲವರಿಗೆ ತೋರಿಸಿ, ಛಾಯಾಚಿತ್ರ ತೆಗೆಯಿಸಿಡುವುದು ಮನೆಯವರ ಕರ್ತವ್ಯ. ಪ್ರತಿ ಮಾಡುವವರು ಸಂದೇಹವಿದ್ದೆಡೆ ಅಕ್ಷರವನ್ನು ಇದ್ದಂತೆಯೇ ಇಳಿಸಿಕೊಳ್ಳಲಿ. ಹಿತವೋ ಅಹಿತವೋ ಎಂಬುದನ್ನು ತಾವೇ ತೀರ್ಮಾನಿಸಿ ತಿದ್ದದಿರಲಿ. ಇನ್ನೊಂದು ಪ್ರತಿ ದೊರೆತ ದಿನ ಆ ಒಂದು ಅಕ್ಷರದ ಬೆಲೆ ತಿಳಿಯುತ್ತದೆ.