ಕೋವಿಯ ಮರದ ವಯಸ್ಸು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂಬ ಹೆಸರನ್ನು ಈಚೆಗೆ ಕೇಳದವರು ನಮ್ಮ ಜಿಲ್ಲೆಯಲ್ಲಿ ವಿರಳ. ಕಾವಲ್ ಎಂದರೆ ದನಗಳ ಮೇವಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು. ಅಲ್ಲಿನ ೬೧೫ ಎಕರೆ ನೆಲದಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಹಾರುವ ಯಂತ್ರದ ಮುಖ್ಯ ಭಾಗಗಳಿಗೆಲ್ಲ ಒಂದೊಂದು ಸಂಖ್ಯೆಯುಂಟು. ಅದನ್ನು ಹಿಡಿದು ಹೊರಟರೆ ಆ ಭಾಗವು ಎಂದು, ಯಾವ ಲೋಹದಿಂದ ಸಿದ್ಧವಾಯಿತೆಂಬುದು ದಫ್ತರದಲ್ಲಿ ದೊರೆಯುತ್ತದೆ. ಈ ಸಂಗತಿಯನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ಎನ್.ಸಿ.ಸಿ. ಸೇರಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸಾರ್, ನಮ್ಮ ಹಳೆಯ ರೈಫಲ್ಲಿನ ಕಬ್ಬಿಣದ ಮೇಲೆ ೧೯೪೨ ಎಂದಿದೆ. ಮರದ ಮೇಲೆ ಇಸವಿಯೇ ಇಲ್ಲವಲ್ಲ! ಅದೂ ೧೯೪೨ರದ್ದೇ ಎಂದು ತಿಳಿಯುವುದು ಹೇಗೆ?” ಎಂದು ಕೇಳಿದನು.

ಪ್ರಶ್ನೆ ನಮ್ಮನ್ನು ಚುಚ್ಚಿತು. ಏಕೆಂದರೆ ಕಾಲೇಜಿನ ವಸ್ತುಪ್ರದರ್ಶನಕ್ಕಾಗಿ ಆ ಕೋವಿಯ ಪಕ್ಕದಲ್ಲಿಡಲು “ಎರಡನೆಯ ಮಹಾಯುದ್ಧದ ಕೋವಿ, ೧೯೪೨, ತೇಗದ ಮರ” ಎಂಬ ಫಲಕ ಆಗಲೇ ಸಿದ್ಧವಾಗಿತ್ತು. ಅದಕ್ಕೆ ಒಪ್ಪಿಗೆಯಿತ್ತವರು ನಾವೇ.

ಅದು ‘ತ್ರೀ ನಾಟ್ ತ್ರೀ’ ಎಂದು ಹೆಸರಾದ ಲೀ-ಎನ್‌ಫೀಲ್ಡ್ ರೈಫಲ್ಲು. ೧೯೪೮ರಲ್ಲಿ ಎನ್.ಸಿ.ಸಿ. ಹುಟ್ಟಿದ ಮೇಲೆ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಇಂಥ ಕೋವಿಗಳನ್ನು ಹೆಗಲಿಗೇರಿಸಿ ಕವಾಯಿತು ಮಾಡಿದ್ದಾರೆ. ಇದರ ಲೋಹವನ್ನು ಓದುವುದು ಸುಲಭ. ಮರದ ಬಟ್ಟು ಸೇರುವ ಉಕ್ಕಿನ ಗೂಡಿನ ಬಲಮಗ್ಗುಲಲ್ಲಿ ಕಿರೀಟ, ಅದರ ಕೆಳಗೆ ಜಿ.ಆರ್.ಐ. ಎಂಬ ಅಕ್ಷರಗಳು, ಕಾರ್ಖಾನೆಯ ಹೆಸರು, ಇಸವಿ, ಮಾದರಿ, ಇವು ಒಂದರ ಕೆಳಗೊಂದು ಅಚ್ಚಾಗಿರುತ್ತವೆ. ಲ್ಯಾಟಿನ್ ಭಾಷೆಯಲ್ಲಿ ಅದು ‘ಜಾರ್ಜ್, ದೊರೆ, ಚಕ್ರವರ್ತಿ’ ಎಂಬುದರ ಸಂಕ್ಷೇಪ. ಇಂಗ್ಲೆಂಡಿನಲ್ಲಿ ತಯಾರಾದವುಗಳ ಮೇಲೆ ಜಿ.ಆರ್. ಮಾತ್ರ ಇರುತ್ತದೆ, ‘ಚಕ್ರವರ್ತಿ’ಯ ಅಕ್ಷರವು ಬಂಗಾಳದ ಈಶಾಪುರದ ಕಾರ್ಖಾನೆಯ ಗುರುತು. ನಮ್ಮ ದೊರೆಯಲ್ಲದವನು ನಮಗೆ ಚಕ್ರವರ್ತಿಯಾಗಿದ್ದ ಕಾಲವು ಹೀಗೆ ಉಕ್ಕಿನಲ್ಲಿಯೂ ಉಳಿದಿದೆ!

ಆದರೆ ಆ ಇಸವಿಯು ಉಕ್ಕಿಗೆ ಮಾತ್ರ ಸಲ್ಲುತ್ತದೆ. ಈ ಕೋವಿಯ ಮರವು ಒಂದೇ ತುಂಡಲ್ಲ. ನಳಿಗೆಯ ಕೆಳಗಿನದು ಬೇರೆ, ಹೆಗಲಿಗೆ ತಾಗುವ ಬಟ್ಟು ಬೇರೆ. ಸಿಪಾಯಿಯ ತೋಳಿನ ಅಳತೆಗೆ ತಕ್ಕಂತೆ ಬಟ್ಟುಗಳಲ್ಲಿ ಗಿಡ್ಡ, ಉದ್ದ ಎಂಬ ಭೇದಗಳೂ ಇದ್ದುವು. ಒಡೆದುದನ್ನು ತೆಗೆದು ಹೊಸದನ್ನು ಕೂಡಿಸುವುದು ರಿಪೇರಿ ಮಾಡುವವರ ನಿತ್ಯದ ಕೆಲಸ. ಆದುದರಿಂದ ೧೯೪೨ರ ಉಕ್ಕಿಗೆ ೧೯೬೦ರ ಮರ ಸೇರಿದ್ದರೆ ಅಚ್ಚರಿಯೇನೂ ಇಲ್ಲ.

ಹಾಗಾದರೆ ಮರವನ್ನು ಓದುವ ಬಗೆ ಯಾವುದು? ಬಣ್ಣವನ್ನು ನಂಬಬಾರದು. ದಶಕಗಳ ಎಣ್ಣೆ, ಬೆವರು, ಧೂಳು ಸೇರಿದರೆ ಯಾವ ಮರವಾದರೂ ಬೀಟೆಯಂತೆ ಕಪ್ಪಾಗುತ್ತದೆ. ನೋಡಬೇಕಾದುದು ಅಡ್ಡಕೊಯ್ತದ ಮುಖವನ್ನು. ಆಯುಧಗಳ ಉಸ್ತುವಾರಿ ಹೊತ್ತವರು ಎರಡು ತಿರುಪುಗಳನ್ನು ಬಿಚ್ಚಿ ಬಟ್ಟಿನ ತುದಿಯ ಲೋಹದ ತಗಡನ್ನು ತೆಗೆದುಕೊಟ್ಟರು. ಒಳಗಿನ ಮುಖವನ್ನು ಸ್ವಲ್ಪ ಒರಸಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದೆವು. ತೇಗದಲ್ಲಿ ಪ್ರತಿ ವರ್ಷದ ಉಂಗುರವೂ ದೊಡ್ಡ ರಂಧ್ರಗಳ ಒಂದು ಸಾಲಿನಿಂದ ಆರಂಭವಾಗಿ, ಅನಂತರ ರಂಧ್ರಗಳು ಥಟ್ಟನೆ ಕಿರಿದಾಗುತ್ತವೆ. ಇಲ್ಲಿ ಹಾಗಿರಲಿಲ್ಲ. ದೊಡ್ಡ ರಂಧ್ರಗಳು ಮೆಲ್ಲಮೆಲ್ಲನೆ ಸಣ್ಣವಾಗುತ್ತಿದ್ದುವು. ನಡುನಡುವೆ ಉಂಗುರಕ್ಕೆ ಸಮಾನಾಂತರವಾಗಿ ನವಿರಾದ ಬಿಳಿಗೆರೆಗಳು. ಇದು ಅಕ್ರೋಟಿನ ಲಕ್ಷಣ. ಇಂಥ ಪರೀಕ್ಷೆಯನ್ನು ಶಾಸ್ತ್ರೀಯವಾಗಿ ನಡೆಸುವ ತಜ್ಞರು ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದಾರೆ. ೧೯೩೮ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಮೊದಲಾದ ಸಂಸ್ಥೆಯೇ ಇಂದಿನ ಮರವಿಜ್ಞಾನ ಸಂಸ್ಥೆ.

ಅಕ್ರೋಟು ಹಿಮಾಲಯದ ಕಡೆಯ ಮರ. ಗಾಳಿಯ ತೇವ ಹೆಚ್ಚುಕಡಮೆಯಾದರೂ ಅದು ಅಷ್ಟಾಗಿ ಹಿಗ್ಗದು, ಕುಗ್ಗದು, ಸೊಟ್ಟಗಾಗದು. ಮರವು ಬಾಗಿ ನಳಿಗೆಯನ್ನು ಒತ್ತಿದರೆ ಗುಂಡು ಗುರಿತಪ್ಪುವುದರಿಂದ ಈ ಗುಣಕ್ಕೆ ಬೆಲೆ ಹೆಚ್ಚು. ಯುದ್ಧಕಾಲದಲ್ಲಿ ಅಕ್ರೋಟಿನ ಅಭಾವವುಂಟಾಗಿ ಬ್ರಿಟನ್ನಿನವರು ಬೀಚ್, ಬರ್ಚ್ ಮರಗಳನ್ನೂ ಬಳಸಿದರು. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯು ತನ್ನ ನಾಡಿನ ಕೋಚ್‌ವುಡ್ ಮತ್ತು ಕ್ವೀನ್ಸ್‌ಲೆಂಡ್ ಮೇಪಲ್‌ಗಳನ್ನು ಹಿಡಿಯಿತು. ಹೀಗೆ ಮರದ ಜಾತಿಯು ಊರನ್ನು ಸೂಚಿಸೀತು, ಇಸವಿಯನ್ನಲ್ಲ.

ಇಸವಿಗೆ ಭೌತಶಾಸ್ತ್ರವನ್ನೇ ಮೊರೆಹೋಗಬೇಕು. ಮರವು ಗಾಳಿಯಿಂದ ಹೀರುವ ಇಂಗಾಲದಲ್ಲಿ ಅತ್ಯಲ್ಪ ಭಾಗವು ವಿಕಿರಣಶೀಲವಾದ ಇಂಗಾಲ-೧೪. ಅದು ಅರ್ಧಕ್ಕಿಳಿಯಲು ೫೭೩೦ ವರ್ಷಗಳು ಬೇಕು. ಎಂಬತ್ತು ವರ್ಷಗಳಲ್ಲಿ ಕಳೆದುಹೋಗುವುದು ನೂರಕ್ಕೆ ಒಂದರಷ್ಟು ಮಾತ್ರ! ಪುರಾತತ್ತ್ವಜ್ಞರ ಈ ಗಡಿಯಾರ ನಮ್ಮ ಕೋವಿಗೆ ಬಲು ನಿಧಾನ. ಆದರೆ ಮನುಷ್ಯನೇ, ತಾನರಿಯದೆ, ಇನ್ನೊಂದು ಗಡಿಯಾರಕ್ಕೆ ಕೀಲಿ ಕೊಟ್ಟಿದ್ದಾನೆ. ೧೯೫೦ರ ದಶಕದಲ್ಲಿ ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳ ನ್ಯೂಟ್ರಾನುಗಳು ಗಾಳಿಯ ಸಾರಜನಕಕ್ಕೆ ಬಡಿದು ಹೇರಳವಾಗಿ ಇಂಗಾಲ-೧೪ನ್ನು ಹುಟ್ಟಿಸಿದುವು. ೧೯೬೩ರಲ್ಲಿ ಬಯಲು ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾಗುವ ವೇಳೆಗೆ ಉತ್ತರಾರ್ಧಗೋಳದ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. ಆ ವರ್ಷಗಳಲ್ಲಿ ಬೆಳೆದ ಪ್ರತಿಯೊಂದು ಉಂಗುರದಲ್ಲಿಯೂ ಅದರ ಗುರುತು ಉಳಿದಿದೆ. ಕೆಲವೇ ಮಿಲಿಗ್ರಾಂ ಮರವಿದ್ದರೂ ವೇಗವರ್ಧಕ ಯಂತ್ರದ ನೆರವಿನಿಂದ ಇಂಗಾಲ-೧೪ರ ಪರಮಾಣುಗಳನ್ನು ಎಣಿಸಬಹುದು. ದೆಹಲಿಯಲ್ಲಿ ಅಂಥ ಯಂತ್ರವುಂಟು.

ಬಟ್ಟಿನಲ್ಲಿ ಬಾಂಬಿನ ಇಂಗಾಲ ಕಂಡರೆ ಆ ಮರವು ಯುದ್ಧಕಾಲದ್ದಲ್ಲವೆಂದು ಖಂಡಿತವಾಗಿ ಹೇಳಬಹುದು. ಕಾಣದಿದ್ದರೆ? ಆಗ ಗೆದ್ದೆವೆಂದು ಬೀಗುವಂತಿಲ್ಲ. ಕೆಚ್ಚಿನ ಉಂಗುರಗಳು ಮರವನ್ನು ಕಡಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಬೆಳೆದು ನಿಂತಿರುತ್ತವೆ. ೧೯೭೦ರಲ್ಲಿ ಕಡಿದ ಮುದಿಮರದ ನಡುಭಾಗದಿಂದ ಬಟ್ಟನ್ನು ಕೆತ್ತಿದ್ದರೂ ಅದರಲ್ಲಿ ಬಾಂಬಿನ ಇಂಗಾಲ ಇರಲಾರದು.

ಕಾಲೇಜಿನ ಪ್ರದರ್ಶನಕ್ಕಾಗಿ ಕೋವಿಯ ಚೂರನ್ನು ದೆಹಲಿಗೆ ಕಳುಹಿಸುವ ಸಾಹಸಕ್ಕೆ ನಾವು ಕೈಹಾಕಲಿಲ್ಲ. ಪ್ರಶ್ನೆ ಕೇಳಿದ ಹುಡುಗನೇ ಫಲಕವನ್ನು ತಿದ್ದಿ ಬರೆದನು: “ಉಕ್ಕು: ಈಶಾಪುರ, ೧೯೪೨. ಬಟ್ಟು: ಅಕ್ರೋಟು, ಕಾಲ ನಿರ್ಧಾರವಾಗಿಲ್ಲ.” ಬರೆಯುವಾಗ ಅವನ ಕಣ್ಣಿಗೆ ಮರದ ಮೇಲೆ ಮಾಸಿದ್ದ ಡಿ.ಪಿ. ಎಂಬ ಎರಡು ಅಕ್ಷರಗಳು ಬಿದ್ದುವು. ಕವಾಯಿತಿಗೆ ಮಾತ್ರ, ಇದರಿಂದ ಗುಂಡು ಹಾರಿಸಕೂಡದು ಎಂದು ಅದರ ಅರ್ಥ. ಅದನ್ನು ಕೆಂಪು ಶಾಯಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಿಸಿದೆವು.