ನಿಂತ ಲಾರಿ, ಓಡುವ ಎಂಜಿನ್

ಸರಕನ್ನು ಇಳಿಸಲೆಂದು ಲಾರಿಯೊಂದು ಬೀದಿಯ ಅಂಚಿನಲ್ಲಿ ನಿಂತಿರುತ್ತದೆ. ಗಾಲಿಗಳು ಚಲಿಸುತ್ತಿಲ್ಲ, ಎಂಜಿನ್ ಮಾತ್ರ ಗುಡುಗುಡಿಸುತ್ತಲೇ ಇರುತ್ತದೆ. ಈ ನೋಟವು ನಮಗೆಲ್ಲ ಪರಿಚಿತವಾದುದೇ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹೀಗೆ ಎಂಜಿನ್ನನ್ನು ಮೂರು ನಿಮಿಷಗಳಿಗಿಂತ ಹೆಚ್ಚು ಕಾಲ ಓಡಗೊಡುವಂತಿಲ್ಲ. ಶಾಲೆಯ ಪಕ್ಕದಲ್ಲಾದರೆ, 2009ರ ಕಾನೂನಿನಂತೆ, ಒಂದೇ ನಿಮಿಷ. ಚಲಿಸುವ ಅಸಂಖ್ಯ ವಾಹನಗಳಿರುವಾಗ ನಿಂತ ವಾಹನದ ಮೇಲೇಕೆ ಈ ಕಟ್ಟುಪಾಡು?

ಮೊದಲು ಶಕ್ತಿಯ ಲೆಕ್ಕವನ್ನು ನೋಡೋಣ. ಭಾರಿ ಲಾರಿಯ ಎಂಜಿನ್ ನಿಂತಲ್ಲೇ ಓಡುವಾಗ ಗಂಟೆಗೆ ಸುಮಾರು 3 ಲೀಟರ್ ಡೀಸೆಲನ್ನು ಉರಿಸುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಅಡಗಿರುವ ಶಕ್ತಿ ಸುಮಾರು 36 ಮೆಗಾಜೂಲ್. ಆದುದರಿಂದ ಗಂಟೆಗೆ ವ್ಯಯವಾಗುವ ಶಕ್ತಿ 108 ಮೆಗಾಜೂಲ್. ಅಂದರೆ 30 ಕಿಲೋವಾಟ್. ಒಂದೊಂದು ಕಿಲೋವಾಟಿನ ಮೂವತ್ತು ವಿದ್ಯುತ್ ಒಲೆಗಳನ್ನು ಬೀದಿಯಲ್ಲಿ ಸಾಲಾಗಿಟ್ಟು ಹಚ್ಚಿದಂತಾಯಿತು! ಲಾರಿಯು ಒಂದಂಗುಲವೂ ಮುಂದೆ ಸರಿಯದ ಕಾರಣ, ಸಾಗಣೆಯ ದೃಷ್ಟಿಯಿಂದ ಎಂಜಿನ್ನಿನ ದಕ್ಷತೆಯು ಸೊನ್ನೆ.

ಎರಡನೆಯದು ಉಷ್ಣತೆಯ ವಿಚಾರ. ಡೀಸೆಲ್ ಉರಿಯುವಾಗ ಗಾಳಿಯಲ್ಲಿನ ನೈಟ್ರೋಜನ್ ಆಕ್ಸಿಜನ್ನಿನೊಡನೆ ಸೇರಿ ಹಾನಿಕರ ಆಕ್ಸೈಡುಗಳಾಗುತ್ತದೆ. ಹೊಸ ಲಾರಿಗಳಲ್ಲಿ ಯೂರಿಯಾ ದ್ರಾವಣವನ್ನು ಹೊಗೆಯೊಳಗೆ ಸಿಂಪಡಿಸಿ, ಕ್ರಿಯಾವರ್ಧಕದ ನೆರವಿನಿಂದ ಇವನ್ನು ಮತ್ತೆ ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡಿಸುವ ಏರ್ಪಾಡುಂಟು. ಭಾರತದಲ್ಲಿ 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮವು ಜಾರಿಗೆ ಬಂದಾಗ ನಮ್ಮ ಭಾರಿ ಲಾರಿಗಳಲ್ಲೂ ಇದು ಸಾಮಾನ್ಯವಾಯಿತು. ಆದರೆ ಈ ಕ್ರಿಯೆ ಚೆನ್ನಾಗಿ ನಡೆಯಲು ಹೊಗೆಯು ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಭಾರವನ್ನೆಳೆಯದೆ ಓಡುವ ಎಂಜಿನ್ನಿನ ಹೊಗೆ ಅಷ್ಟು ಬಿಸಿಯಾಗಿ ಉಳಿಯುವುದಿಲ್ಲ. ಹೀಗಾಗಿ, ಶುದ್ಧಿಕಾರಕವಿದ್ದೂ ಹೊಗೆಯು ಬಹುಮಟ್ಟಿಗೆ ಅಶುದ್ಧವಾಗಿಯೇ ಹೊರಬರುತ್ತದೆ.

ಮೂರನೆಯದೇ ಮುಖ್ಯವಾದುದು. ಓಡುವ ಲಾರಿಯು ತನ್ನ ಹೊಗೆಯನ್ನು ಕಿಲೋಮೀಟರುಗಳ ಉದ್ದಕ್ಕೂ ಹರಡುತ್ತದೆ; ಅದರ ಹಿಂದೆ ಏಳುವ ಗಾಳಿಯ ಸುಳಿಗಳು ಆ ಹೊಗೆಯನ್ನು ಬೇಗನೆ ತೆಳುವಾಗಿಸುತ್ತವೆ. ನಿಂತ ಲಾರಿಯಾದರೋ ತನ್ನ ಹೊಗೆಯನ್ನೆಲ್ಲ ಒಂದೇ ಎಡೆಯಲ್ಲಿ ಸುರಿಯುತ್ತದೆ. ಎರಡೂ ಕಡೆ ಎತ್ತರದ ಕಟ್ಟಡಗಳಿದ್ದರೆ ಅದು ಬೀದಿಯಲ್ಲೇ ಸುತ್ತುತ್ತಿರುತ್ತದೆ. ಹೊಗೆಯಲ್ಲಿರುವ ಮಸಿಯ ಕಣಗಳಲ್ಲಿ ಹಲವು ಒಂದು ಮೈಕ್ರಾನಿನ ಹತ್ತನೆಯ ಒಂದು ಪಾಲಿಗಿಂತಲೂ ಚಿಕ್ಕವು. ನಮ್ಮ ತಲೆಗೂದಲಿನ ದಪ್ಪವಾದರೋ ಸುಮಾರು 70 ಮೈಕ್ರಾನ್. ಇಂತಹ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಗಳವರೆಗೂ ಇಳಿಯಬಲ್ಲವು. ಡೀಸೆಲ್ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಸಾರಿತು. ಶಾಲೆಯ ಬಾಗಿಲಲ್ಲಿ ಕಾಯುವ ಮಕ್ಕಳ ಉಸಿರಿನ ಎತ್ತರವು ಹೊಗೆಕೊಳವೆಗೆ ಇನ್ನೂ ಸಮೀಪವೆಂಬುದನ್ನು ನೆನೆದರೆ, ಒಂದು ನಿಮಿಷದ ಮಿತಿಯ ಔಚಿತ್ಯವು ತಾನಾಗಿಯೇ ತಿಳಿಯುತ್ತದೆ.

ಸರಕನ್ನು ಎತ್ತಿಳಿಸುವ ಅಥವಾ ಇನ್ನಾವುದಾದರೂ ಸಾಧನವನ್ನು ನಡೆಸಲು ಎಂಜಿನ್ನೇ ಬೇಕಾದಾಗ ನ್ಯೂಯಾರ್ಕಿನ ಕಾನೂನು ವಿನಾಯಿತಿ ಕೊಡುತ್ತದೆ. ನಿಯಮ ಮೀರುವ ಲಾರಿ, ಬಸ್ಸುಗಳನ್ನು ಚಿತ್ರೀಕರಿಸಿ ದೂರು ಕೊಡುವ ನಾಗರಿಕನಿಗೆ ದಂಡದ ಕಾಲು ಭಾಗ ಸಲ್ಲುವಂತೆ 2018ರಲ್ಲಿ ಏರ್ಪಾಡಾಯಿತು.

ಆರಿಸಿ ಮತ್ತೆ ಹೊತ್ತಿಸಿದರೆ ಹೆಚ್ಚು ಇಂಧನ ಬೇಕೆಂಬ ನಂಬಿಕೆಯೊಂದುಂಟು. ಆದರೆ ಬಿಸಿಯಾಗಿರುವ ಎಂಜಿನ್ನನ್ನು ಹೊತ್ತಿಸಲು ಬೇಕಾದ ಇಂಧನವು ಅದು ಒಂದು ನಿಮಿಷ ಸುಮ್ಮನೆ ಓಡಿದಾಗ ಉರಿಸುವುದಕ್ಕಿಂತಲೂ ಕಡಮೆ. ಗಾಳಿಯನ್ನು ಶುದ್ಧವಾಗಿಡುವ ಉಪಾಯಗಳಲ್ಲಿ ಬಹುಪಾಲು ದುಬಾರಿಯಾದುವು. ಇದಕ್ಕಾದರೋ ಬೇಕಾದುದು ಕೀಲಿಯನ್ನು ತಿರುಗಿಸುವ ಒಂದು ಕೈ ಮಾತ್ರ.